ದಡದ ಮೇಲೆ ನಿರ್ಧಾರವಾಗುವ ದೋಣಿ ಪಂದ್ಯ

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನಲ್ಲಿ ಡಿವೈಜಸ್ ಅಂತ ಒಂದು ಊರು. ಅಲ್ಲಿನ ಕಾಲುವೆಕಟ್ಟೆಯಿಂದ ಹೊರಟು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯವರೆಗೆ ಹುಟ್ಟು ಹಾಕಿಕೊಂಡು ಹೋಗುವ ಪಂದ್ಯವೊಂದು ಪ್ರತಿವರ್ಷ ಈಸ್ಟರ್ ಹಬ್ಬದ ರಜೆಯಲ್ಲಿ ನಡೆಯುತ್ತದೆ. ದೂರ 125 ಮೈಲಿ, ಅಂದರೆ 201 ಕಿಲೋಮೀಟರ್. ಮೈಸೂರಿನಿಂದ ಬೆಂಗಳೂರು ಮುಟ್ಟಿ, ಮತ್ತೆ ಚನ್ನಪಟ್ಟಣದ ತನಕ ವಾಪಸು ಬಂದಷ್ಟು. ವರುಣಾ ಕೆರೆಯಲ್ಲಿ ಕಯಾಕ್ ಎಂಬ ಕಿರಿದಾದ ಹುಟ್ಟುದೋಣಿ ಹತ್ತಿ ಅಭ್ಯಾಸವಾದ ನಮ್ಮ ಕಡೆಯ ಹುಡುಗ ಹುಡುಗಿಯರಲ್ಲಿ ಯಾರಿಗಾದರೂ ಇಂಥದೊಂದು ಪಂದ್ಯಕ್ಕೆ ಇಳಿಯುವ ಆಸೆ ಇದ್ದರೆ, ಅವರು ತಿಳಿದುಕೊಳ್ಳಬೇಕಾದ ಸಂಗತಿಗಳೇ ಈ ಹೊತ್ತಿನ ಮಾತು.

1948ರಲ್ಲಿ ಡಿವೈಜಸ್ಸಿನ ಸ್ಕೌಟ್ ಹುಡುಗರು ನೂರು ಗಂಟೆಯೊಳಗೆ ಲಂಡನ್ ಮುಟ್ಟುವ ಸವಾಲು ಹಿಡಿದು, 89 ಗಂಟೆ 50 ನಿಮಿಷಕ್ಕೆ ಮುಟ್ಟಿದರು. 1950ರಿಂದ ಅದೇ ಪಂದ್ಯವಾಯಿತು. 1979ರಲ್ಲಿ ಒಂದು ಜೋಡಿ 15 ಗಂಟೆ 34 ನಿಮಿಷದಲ್ಲಿ ಮುಗಿಸಿತು. ಸಾಧಾರಣ ಜೋಡಿಗೆ ಇಪ್ಪತ್ತರ ಮೇಲೆಯೇ ಗಂಟೆಗಳು ಬೇಕು. ಇದರಲ್ಲಿ ಎರಡು ಬಗೆ. ದೊಡ್ಡವರ ಜೋಡಿಗಳು ಹಗಲು ರಾತ್ರಿ ಎನ್ನದೆ ಒಂದೇ ಉಸಿರಿಗೆ ಹೋಗುವುದು ಒಂದು. 34, 36, 38, 17 ಮೈಲಿಗಳಂತೆ ನಾಲ್ಕು ದಿನಕ್ಕೆ ಹಂಚಿಕೊಂಡು ಹೋಗುವುದು ಇನ್ನೊಂದು. ಮೊದಲ ಸಲ ಹೋಗುವವರಿಗೆ ನಾಲ್ಕು ದಿನದ್ದೇ ಸರಿ. ರಾತ್ರಿ ದೋಣಿ ನಡೆಸುವುದು ಬೇರೆಯದೇ ವಿದ್ಯೆ.

ದಾರಿಯ ಮೊದಲ 54 ಮೈಲಿ ಕೆನೆಟ್ ಮತ್ತು ಏವನ್ ಕಾಲುವೆ. ರೆಡಿಂಗ್ ಊರಿನಲ್ಲಿ ಥೇಮ್ಸ್ ನದಿ ಸೇರುತ್ತದೆ. ಟೆಡಿಂಗ್ಟನ್‌ನಿಂದ ಮುಂದಿನ 17 ಮೈಲಿಯಲ್ಲಿ ಸಮುದ್ರದ ಉಬ್ಬರವಿಳಿತ. ಇಡೀ ದಾರಿಯುದ್ದಕ್ಕೂ ಒಟ್ಟು 77 ಕಡೆ ದೋಣಿಯನ್ನು ನೀರಿನಿಂದ ಎತ್ತಿ, ಹೊತ್ತು ಓಡಿ, ಮತ್ತೆ ನೀರಿಗೆ ಬಿಡಬೇಕು. ಪಂದ್ಯ ನಿರ್ಧಾರವಾಗುವುದು ಅಲ್ಲಿ.

ಕಾಲುವೆ ಅಂದ ಕೂಡಲೇ ಮಂಡ್ಯ ಕಡೆಯವರಿಗೆ ಕಣ್ಣ ಮುಂದೆ ಬರುವುದು ವಿಶ್ವೇಶ್ವರಯ್ಯ ನಾಲೆ. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಕೆನೆಟ್ ಮತ್ತು ಏವನ್ ಕಾಲುವೆಯನ್ನು 1810ರ ಹೊತ್ತಿಗೆ ಕಟ್ಟಿ ಮುಗಿಸಿದ್ದು ಸರಕು ದೋಣಿಗಳಿಗಾಗಿ. ಅಲ್ಲಿ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ. ನೆಲ ಏರಿಳಿದ ಕಡೆ ಹಿಂದೊಂದು ಮುಂದೊಂದು ಬಾಗಿಲಿರುವ ಲಾಕ್ ಎಂಬ ಕಟ್ಟಡವಿದ್ದು, ನೀರು ತುಂಬಿಸಿ ಅಥವಾ ಖಾಲಿ ಮಾಡಿ ದೋಣಿಯನ್ನು ಏರಿಸುತ್ತಾರೆ, ಇಳಿಸುತ್ತಾರೆ. ಸ್ಪರ್ಧಿಗೆ ಅಷ್ಟು ಪುರುಸೊತ್ತು ಎಲ್ಲಿ? ದೋಣಿ ಹೊತ್ತು ದಾಟುತ್ತಾನೆ. ನಮ್ಮ ನಾಲೆ ಕಟ್ಟಿದ್ದು ಗದ್ದೆಗೆ. ನೀರು ಬಿಟ್ಟಾಗ ಸೆಳವು ಜೋರು, ಇಳಿಜಾರು ಗೋಡೆ ಪಾಚಿಗಟ್ಟಿ ಜಾರುತ್ತದೆ, ಬಿದ್ದವರಿಗೆ ಹಿಡಿದು ಮೇಲೆ ಬರಲು ಏನೂ ಸಿಗದು. ಮುಂದೆ ತೂಬು, ಗೇಟು, ನೀರು ಧುಮುಕುವ ಮೆಟ್ಟಿಲು, ಹುಲಿಕೆರೆಯ ಸುರಂಗ. ಅಭ್ಯಾಸಕ್ಕೆಂದು ದಯವಿಟ್ಟು ಯಾರೂ ಆ ನಾಲೆಗೆ ದೋಣಿ ಇಳಿಸಬೇಡಿ. ಶ್ರೀರಂಗಪಟ್ಟಣದ ಕಾವೇರಿಯೂ ಬೇಡ. ಅಲ್ಲಿ ಬಂಡೆಗಳಿವೆ, ರಂಗನತಿಟ್ಟಿನ ಆಸುಪಾಸು ಮೊಸಳೆಗಳಿವೆ. ವರುಣಾ ಕೆರೆ, ಇಲ್ಲವೇ ಅನುಮತಿ ಪಡೆದು ಕನ್ನಂಬಾಡಿ ಹಿನ್ನೀರಿನ ಒಂದು ಅಂಚು, ಇಷ್ಟು ಸಾಕು. ಜೀವರಕ್ಷಕ ಜಾಕೆಟ್ ಇಲ್ಲದೆ ಅಲ್ಲಿಯೂ ಇಳಿಯಬಾರದು.

ಇನ್ನು ದೋಣಿ. ಇಬ್ಬರು ಕೂರುವ ರೇಸಿಂಗ್ ಕಯಾಕಿಗೆ ಕೆ-ಟೂ ಅನ್ನುತ್ತಾರೆ. ಉದ್ದ ಆರೂವರೆ ಮೀಟರ್ ಮೀರುವಂತಿಲ್ಲ. ಹಗುರ ದೋಣಿ 12 ಕೆ.ಜಿ.ವರೆಗೂ ಇಳಿಯುತ್ತದೆ. ಆದರೆ ಹೊಸಬರು ಹಗುರ ದೋಣಿಗೆ ಮರುಳಾಗಬಾರದು. ಕಲ್ಲುದಡಕ್ಕೆ ನೂರಾರು ಸಲ ತಗಲುವ ದೋಣಿ ಇದು. ನಾಲ್ಕೈದು ಕೆ.ಜಿ. ಹೆಚ್ಚಿದ್ದರೂ ಗಟ್ಟಿ ತಳ, ಅಗಲ ಮೈ ಇರುವುದನ್ನು ಆರಿಸಬೇಕು. ನಡುರಾತ್ರಿ ತೂಕಡಿಸುವಾಗ ಅಲುಗಾಡದೆ ನಿಲ್ಲುವ ದೋಣಿಯೇ ವೇಗದ ದೋಣಿ. ಚುಕ್ಕಾಣಿ ತಳದ ನಡುವೆ ಇರುವ ಬಗೆಗಿಂತ, ಹಿಂತುದಿಯಲ್ಲಿ ಕೂತು, ಏನಾದರೂ ತಗಲಿದರೆ ಮೇಲಕ್ಕೆ ಮಡಚಿಕೊಳ್ಳುವ ಬಗೆ ಕಾಲುವೆಗೆ ಒಳ್ಳೆಯದು. ಚುಕ್ಕಾಣಿಯ ತಂತಿ ಒಂದು ಹೆಚ್ಚಿಗೆ, ಅದಕ್ಕೆ ಹೊಂದುವ ಸ್ಪ್ಯಾನರ್, ಅಗಲದ ಗಟ್ಟಿ ಅಂಟುಪಟ್ಟಿ ದೋಣಿಯಲ್ಲೇ ಇರಲಿ. ಒದ್ದೆ ಮೈಗೆ ಅಂಟುಪಟ್ಟಿ ಹಿಡಿಯದು. ಒರೆಸಲು ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು.

ಹೊರಟ ಮೇಲೆ ಸುಮಾರು 15 ಮೈಲಿ ಲಾಕ್ ಒಂದೂ ಇಲ್ಲ. ಅನುಭವವಿಲ್ಲದ ಜೋಡಿಗಳು ಕೆಡುವುದೇ ಇಲ್ಲಿ. ಮೈ ಹೊಸದು, ಸುತ್ತ ಜನರ ಕೂಗು, ಪಕ್ಕದಲ್ಲಿ ಇನ್ನೊಂದು ದೋಣಿ. ಮಾತಾಡಿಕೊಂಡು ಹುಟ್ಟು ಹಾಕಬಹುದಾದಷ್ಟು ವೇಗ ಮೀರಿದರೆ ಅದರ ಸಾಲವನ್ನು ಮಧ್ಯರಾತ್ರಿ ತೀರಿಸಬೇಕಾಗುತ್ತದೆ. ಜೊತೆಗೆ ನೀರಿನ ಆಳದ ಲೆಕ್ಕವೂ ಇದೆ. ಆಳ ಕಡಿಮೆ ಇರುವ ಕಡೆ ದೋಣಿ ಎಬ್ಬಿಸುವ ಅಲೆ ಒಂದು ಮಿತಿಗಿಂತ ವೇಗವಾಗಿ ಓಡಲಾರದು. ಒಂದು ಮೀಟರ್ ಆಳದಲ್ಲಿ ಆ ಮಿತಿ ಗಂಟೆಗೆ ಸುಮಾರು 11 ಕಿಲೋಮೀಟರ್, 60 ಸೆಂಟಿಮೀಟರ್ ಆಳದಲ್ಲಿ ಒಂಬತ್ತಕ್ಕೂ ಒಳಗೆ. ಮಿತಿಯ ಹತ್ತಿರ ಬಂದಾಗ ದೋಣಿಯ ಹಿಂಭಾಗ ಕುಸಿದು, ಯಾರೋ ಹಿಂದಿನಿಂದ ಹಿಡಿದೆಳೆದ ಹಾಗಾಗುತ್ತದೆ. ಆಗ ಇನ್ನೂ ಜೋರಾಗಿ ಎಳೆದು ಪ್ರಯೋಜನವಿಲ್ಲ. ಆಳವಿರುವ ನಡುಗಾಲುವೆಗೆ ಸರಿಯಬೇಕು, ಆಗದಿದ್ದರೆ ಸ್ವಲ್ಪ ನಿಧಾನಿಸಿ ಶಕ್ತಿ ಉಳಿಸಿಕೊಳ್ಳಬೇಕು. ಅಂಚಿಗೆ ಹೋದಷ್ಟೂ ಜೊಂಡು, ಕಸ. ಕಾರಣ ಕಾಣದೆ ದೋಣಿ ಭಾರವಾಯಿತೆಂದರೆ ಚುಕ್ಕಾಣಿಗೆ ಬಳ್ಳಿ ಸುತ್ತಿಕೊಂಡಿರುತ್ತದೆ. ಎರಡು ಸಲ ಹಿಂದಕ್ಕೆ ಹುಟ್ಟು ಹಾಕಿದರೆ ಬಿಟ್ಟುಕೊಳ್ಳುತ್ತದೆ.

ಈಗ ದೋಣಿ ಹೊರುವ ಮಾತು. ಒಂದೊಂದು ಲಾಕಿನಲ್ಲಿ ಅರ್ಧ ನಿಮಿಷ ವ್ಯರ್ಥವಾದರೆ 77 ಕಡೆ ಸೇರಿ ಮೂವತ್ತೆಂಟು ನಿಮಿಷ ಹೋಯಿತು. ಅಷ್ಟು ಹೊತ್ತನ್ನು ನೀರಿನ ಮೇಲೆ ಗಳಿಸಬೇಕಾದರೆ ತಿಂಗಳುಗಟ್ಟಲೆ ತೋಳು ಬೆಳೆಸಬೇಕು. ದಡದಲ್ಲಾದರೆ ಕೆಲವು ವಾರಗಳ ಶಿಸ್ತು ಸಾಕು. ಲಾಕಿಗೆ ಐವತ್ತು ಮೀಟರ್ ಇರುವಾಗಲೇ ಸೊಂಟದ ಸುತ್ತ ನೀರು ತಡೆಯುವ ಹೊದಿಕೆಯನ್ನು ಬಿಡಿಸಿಕೊಳ್ಳಬೇಕು, ಮರಗಟ್ಟಿದ ಕಾಲನ್ನು ಒಂದೆರಡು ಸಲ ಮಡಚಿ ಬಿಡಿಸಬೇಕು. ಇದನ್ನು ಮರೆತು ದಡಕ್ಕೆ ಜಿಗಿದವರು ಮುಗ್ಗರಿಸುವುದು ಕಾಲು ಜೋಮು ಹಿಡಿದಿರುವುದರಿಂದ. ದಡಕ್ಕೆ ಸಮಾನಾಂತರವಾಗಿ ಬಂದು, ಒಳಗೈಯಿಂದ ಇಬ್ಬರೂ ಅಂಚು ಹಿಡಿಯಬೇಕು. ಹಿಂದಿನವರು ದೋಣಿ ಅಲುಗದಂತೆ ಹಿಡಿದಿರುವಾಗ ಮುಂದಿನವರು ಇಳಿಯಬೇಕು, ಇಳಿದವರು ಮೂತಿ ಹಿಡಿದುಕೊಂಡಾಗ ಹಿಂದಿನವರು. ಹುಟ್ಟುಗಳನ್ನು ಕೂರುವ ಗುಂಡಿಯೊಳಗೆ ತೂರಿಸಿ, ಒಂದೇ ಸಲಕ್ಕೆ ಎತ್ತಿ, ಓರೆ ಮಾಡಿ, ಒಳಗಿನ ನೀರು ಸುರಿಯಲು ಬಿಟ್ಟು ಓಟ. ದೂರ ಕಡಿಮೆಯಿದ್ದರೆ ತುದಿಗಳನ್ನು ಕೈಯಲ್ಲಿ ತೂಗಿಕೊಂಡು, ಹೆಚ್ಚಿದ್ದರೆ ಹೆಗಲ ಮೇಲೆ. ನೀರಿಗೆ ಬಿಡುವಾಗ ಅವಸರಪಟ್ಟು ಹಿಂತುದಿಯನ್ನು ಕಲ್ಲಿಗೆ ಕುಕ್ಕಿದರೆ ಚುಕ್ಕಾಣಿ ಬಾಗಿತು ಅಂತಲೇ ಲೆಕ್ಕ. ಯಾರು ಮೊದಲು ಇಳಿಯುವುದು, ಯಾರು ಮೊದಲು ಹತ್ತುವುದು ಎಂಬುದು 77 ಕಡೆಯೂ ಒಂದೇ ಕ್ರಮದಲ್ಲಿರಲಿ. ಬೆಳಗಿನ ಜಾವ ನಾಲ್ಕಕ್ಕೆ ಆ ವಿಷಯ ಚರ್ಚೆ ಮಾಡುವ ಸ್ಥಿತಿಯಲ್ಲಿ ಇಬ್ಬರೂ ಇರುವುದಿಲ್ಲ.

ಇದನ್ನು ವರುಣಾ ಕೆರೆಯ ಏರಿಯ ಮೇಲೆ ಅಭ್ಯಾಸ ಮಾಡಬಹುದು. ಹತ್ತು ನಿಮಿಷ ಹುಟ್ಟು, ಇನ್ನೂರು ಮೀಟರ್ ಹೊರೆ, ಮತ್ತೆ ಹತ್ತು ನಿಮಿಷ ಹುಟ್ಟು. ಹೀಗೆ ಇಪ್ಪತ್ತು ಸಲ. ತೊಡುವುದು ಪಂದ್ಯದ ದಿನದ ಬೂಟೇ ಆಗಿರಬೇಕು. ತಳ ಜಾರದ, ನೀರು ಸೋರಿ ಹೋಗುವ ಹಗುರ ಬೂಟು ಬೇಕು, ಚಪ್ಪಲಿ ನಡೆಯದು.

ಕೈಯ ವಿಚಾರ ಹೇಳಲೇಬೇಕು. ಬೊಬ್ಬೆಗೆ ಮುಂಚೆಯೇ ಬಟ್ಟೆಯ ಅಂಟುಪಟ್ಟಿ ಸುತ್ತುವುದು ಸರಿ, ಎದ್ದ ಮೇಲೆ ಸುತ್ತಿ ಫಲವಿಲ್ಲ. ಅದಕ್ಕಿಂತ ಕೆಟ್ಟದ್ದು ಮಣಿಕಟ್ಟಿನ ಸ್ನಾಯುರಜ್ಜುಗಳ ಊತ. ಹುಟ್ಟನ್ನು ಬಿಗಿಯಾಗಿ ಹಿಡಿದು, ಮಣಿಕಟ್ಟು ಮಡಚಿಕೊಂಡೇ ಸಾವಿರಾರು ಸಲ ತಳ್ಳಿದಾಗ ಅದು ಬರುತ್ತದೆ. ಮುಂಗೈ ಮೇಲೆ ಬೆರಳಿಟ್ಟು ಕೈ ಆಡಿಸಿದರೆ ಕಿರುಗುಟ್ಟಿದಂತೆ ತಿಳಿಯುತ್ತದೆ. ತಳ್ಳುವ ಕೈಯ ಬೆರಳುಗಳನ್ನು ಪ್ರತಿ ಸಲವೂ ಸಡಿಲ ಬಿಡುವುದು ಇದಕ್ಕೆ ಮದ್ದು. ಹುಟ್ಟಿನ ಎರಡು ಅಲಗುಗಳ ನಡುವಿನ ತಿರುವು 75 ಡಿಗ್ರಿ ಇದ್ದರೆ 60ಕ್ಕೆ ಇಳಿಸುವುದೂ ಉಪಯೋಗಕ್ಕೆ ಬರುತ್ತದೆ.

ಊಟದ ಲೆಕ್ಕ ಗಂಟೆಗೆ ಅರವತ್ತು ಗ್ರಾಂ ಶರ್ಕರ, ಅರ್ಧ ಲೀಟರ್ ದ್ರವ. ಹಸಿವಾದ ಮೇಲೆ ತಿನ್ನುವುದಲ್ಲ, ಮೊದಲ ಗಂಟೆಯಿಂದಲೇ. ನಮ್ಮವರಿಗೆ ಇದು ಕಷ್ಟದ್ದೇನಲ್ಲ. ಅರ್ಧ ಲೀಟರ್ ನೀರಿಗೆ ನಲವತ್ತು ಗ್ರಾಂ ಮಂಡ್ಯದ ಬೆಲ್ಲ, ನಿಂಬೆರಸ, ಎರಡು ಚಿಟಿಕೆ ಉಪ್ಪು ಹಾಕಿ ಶೋಧಿಸಿದ ಪಾನಕ, ಜೊತೆಗೊಂದು ಬಾಳೆಹಣ್ಣು. ಅಲ್ಲಿಗೆ ಒಂದು ಗಂಟೆಯ ಪಾಲು ಮುಗಿಯಿತು. ಶೋಧಿಸದಿದ್ದರೆ ಬೆಲ್ಲದ ಕಸ ಕುಡಿಯುವ ಕೊಳವೆಗೆ ಕಟ್ಟಿಕೊಳ್ಳುತ್ತದೆ. ಇಡೀ ದಿನ ಸಿಹಿಯೇ ಆದರೆ ನಾಲಿಗೆ ತಿರುಗಿಬೀಳುತ್ತದೆ. ರಾತ್ರಿಗೆ ಉಪ್ಪು ಹಾಕಿದ ಬಿಸಿ ಗಂಜಿ, ಬೇಯಿಸಿದ ಆಲೂಗಡ್ಡೆ ಇರಲಿ. ಖಾರ ಬೇಡವೇ ಬೇಡ. ಹೊಟ್ಟೆ ಮಡಚಿ ಕೂತು ಹುಟ್ಟು ಹಾಕುವವರಿಗೆ ಹುಳಿತೇಗು ಗಂಟಲಿಗೇ ಬರುತ್ತದೆ.

ಇದನ್ನೆಲ್ಲ ಒದಗಿಸುವುದು ದಡದ ತಂಡ. ಎರಡು ಕಾರು, ನಾಲ್ಕು ಜನ. ಒಂದು ಕಾರು ಈ ಲಾಕಿನಲ್ಲಿದ್ದರೆ ಇನ್ನೊಂದು ಮುಂದಿನ ನಿಲುಗಡೆಗೆ ಹೋಗಿರಬೇಕು. ಅಲ್ಲಿನ ಹಳ್ಳಿರಸ್ತೆ ಕಿರಿದು, ಕಾರು ನಿಲ್ಲಿಸಲು ಜಾಗ ಕಡಿಮೆ. ಹಿಂದಿನ ದಿನವೇ ನೋಡಿ ಬರಬೇಕು. ದೋಣಿ ಹೊರುವುದು ಸ್ಪರ್ಧಿಗಳದೇ ಕೆಲಸ. ದಡದವರು ಪಕ್ಕದಲ್ಲಿ ಓಡುತ್ತ ಬಾಯಿಗೆ ತುತ್ತಿಡಬಹುದು, ಸೀಸೆ ಬದಲಾಯಿಸಬಹುದು. “ಏನು ಬೇಕು” ಅಂತ ಕೇಳಬಾರದು, “ಇದನ್ನು ತಿನ್ನು” ಅನ್ನಬೇಕು. ದಣಿದವರಿಗೆ ಆಯ್ಕೆ ಮಾಡಲು ಬಾರದು.

ಮೈಸೂರಿನ ಹವೆಯಲ್ಲಿ ಬೆಳೆದವರಿಗೆ ನಿಜವಾದ ಶತ್ರು ಚಳಿ. ಈಸ್ಟರ್ ಹೊತ್ತಿನಲ್ಲಿ ಅಲ್ಲಿನ ನೀರು ಹತ್ತು ಡಿಗ್ರಿಯ ಆಸುಪಾಸು, ಕೆಲವೊಮ್ಮೆ ಅದಕ್ಕೂ ಕೆಳಗೆ. ರಾತ್ರಿ ಗಾಳಿ ಶೂನ್ಯಕ್ಕಿಳಿಯಬಹುದು, ಹಿಮವೂ ಬೀಳಬಹುದು. ಹತ್ತಿ ಬಟ್ಟೆ ಒದ್ದೆಯಾದರೆ ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ, ಅದನ್ನು ಮನೆಯಲ್ಲೇ ಬಿಟ್ಟು ಹೋಗಿ. ಮೈಗೆ ಉಣ್ಣೆಯ ತೆಳು ಅಂಗಿ, ಮೇಲೆ ಗಾಳಿ ತಡೆಯುವ ಅಂಗಿ, ಕತ್ತಲಾಗುವ ಮುಂಚೆಯೇ ಒಣಬಟ್ಟೆಗೆ ಬದಲು. ಜೊತೆಗಾರ ಮಾತು ತೊದಲಿದರೆ, ತಾಳ ತಪ್ಪಿ ಹುಟ್ಟು ಹಾಕಿದರೆ, ನಡುಗುತ್ತಿದ್ದವನು ನಡುಗುವುದನ್ನೇ ನಿಲ್ಲಿಸಿದರೆ ಅದು ದಣಿವಲ್ಲ. ಅಲ್ಲೇ ದಡ ಹತ್ತಿ ಪಂದ್ಯ ಬಿಡಬೇಕು.

ಥೇಮ್ಸ್ ಸೇರಿದ ಮೇಲೆ ಲಾಕಿನ ಪಕ್ಕದಲ್ಲೇ ನೀರು ಧುಮುಕುವ ಅಣೆಕಟ್ಟೆ ಇರುತ್ತದೆ. ಕತ್ತಲಲ್ಲಿ ಭೋರ್ಗರೆವ ಸದ್ದು ಬರುವ ಕಡೆ ಮೂತಿ ತಿರುಗಿಸಲೇಬಾರದು. ಫಲಕ ನೋಡಿ ಲಾಕಿನ ಕವಲಿಗೆ ತಿರುಗಬೇಕು. ನದಿ ತುಂಬಿ ಹರಿದ ವರ್ಷ ಸಂಘಟಕರು ಪಂದ್ಯವನ್ನು ಮೊಟಕು ಮಾಡುವುದೂ ಉಂಟು. ಅದಕ್ಕೆ ಸಿಟ್ಟಾಗಬಾರದು.

ಕೊನೆಗೆ ಟೆಡಿಂಗ್ಟನ್. ಅಲ್ಲಿಂದ ಇಳಿತದ ನೀರಿನ ಜೊತೆ ಹೋದರೆ ಮಾತ್ರ ವೆಸ್ಟ್‌ಮಿನ್‌ಸ್ಟರ್. ಉಬ್ಬರಕ್ಕೆ ಎದುರಾಗಿ ಹುಟ್ಟು ಹಾಕುವಷ್ಟು ಕಸುವು ಆ ಹೊತ್ತಿಗೆ ಯಾರಲ್ಲೂ ಉಳಿದಿರುವುದಿಲ್ಲ. ಹಾಗಾಗಿ ಒಂದೇ ಉಸಿರಿಗೆ ಹೋಗುವವರು ಹೊರಡುವ ಹೊತ್ತನ್ನು ಹಿಂದಿನಿಂದ ಲೆಕ್ಕ ಹಾಕುತ್ತಾರೆ. ಭಾನುವಾರ ಬೆಳಿಗ್ಗೆ ಆರಕ್ಕೆ ಇಳಿತ ಸಿಗುವುದಿದ್ದು, ಅಲ್ಲಿಯವರೆಗಿನ 108 ಮೈಲಿಗೆ ಇಪ್ಪತ್ತು ಗಂಟೆ ಬೇಕಿದ್ದರೆ, ಶನಿವಾರ ಬೆಳಿಗ್ಗೆ ಹತ್ತಕ್ಕೆ ಡಿವೈಜಸ್ ಬಿಡಬೇಕು. ತಡವಾದರೆ ಅವಕಾಶ ತಪ್ಪಿತು, ಮುಂದಿನ ಇಳಿತ ಹನ್ನೆರಡು ಗಂಟೆ ಆಚೆ. ಬೇಗ ತಲುಪಿದರೂ ಲಾಭವಿಲ್ಲ, ಬೆವರಿದ ಮೈಯಲ್ಲಿ ದಡದಲ್ಲಿ ಕೂತು ಮರಗಟ್ಟಬೇಕು. ಅಭ್ಯಾಸದ ವೇಗವನ್ನು ಪ್ರಾಮಾಣಿಕವಾಗಿ ಬರೆದಿಟ್ಟುಕೊಂಡವರಿಗೆ ಮಾತ್ರ ಈ ಲೆಕ್ಕ ಕೂಡಿಬರುತ್ತದೆ. ಕೊನೆಯ 17 ಮೈಲಿಯಲ್ಲಿ ಸೇತುವೆಯ ಕಂಬಗಳ ಸುತ್ತ ನೀರು ಸುಳಿಯುತ್ತದೆ, ದೊಡ್ಡ ದೋಣಿಗಳ ಅಲೆ ಬರುತ್ತದೆ. ಅಲೆಯನ್ನು ಓರೆಯಾಗಿ ಎದುರಿಸಬೇಕು, ಹುಟ್ಟನ್ನು ನೀರಿನಿಂದ ತೆಗೆಯಬಾರದು.

ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಬಳಿ ಮೇಲೆ ಬರುವುದು ಕಲ್ಲುಮೆಟ್ಟಿಲ ಮೂಲಕ. ಉಬ್ಬರದಲ್ಲಿ ಮುಳುಗಿ ಏಳುವ ಮೆಟ್ಟಿಲಾದ್ದರಿಂದ ಜಾರುತ್ತವೆ. ದೋಣಿ ಹಿಡಿಯಲು ಇಬ್ಬರು, ತೋಳು ಹಿಡಿಯಲು ಇಬ್ಬರು ದಡದಲ್ಲಿರಲಿ. ಒಣಬಟ್ಟೆ, ಬಿಸಿ ಕುಡಿಯುವುದು ಮೊದಲು, ಫೋಟೋ ಆಮೇಲೆ. ರಾತ್ರಿಯಿಡೀ ಲಾಕಿನಿಂದ ಲಾಕಿಗೆ ಕಾರು ಓಡಿಸಿದವರ ಕೈಗೆ ವಾಪಸು ಹೋಗುವಾಗ ಕೀಲಿ ಕೊಡಬೇಡಿ. ನಿದ್ದೆ ಮಾಡಿ ಎದ್ದ ಮತ್ತೊಬ್ಬ ಚಾಲಕರನ್ನು ಮೊದಲೇ ಗೊತ್ತುಮಾಡಿಕೊಂಡಿರಿ.

ನಮಸ್ಕಾರ.