ಖಾಲಿ ಕೇಸಿನ ಬುಡದ ಗೆರೆ

ಮೇಜಿನ ಮೇಲೆ ಸುರಿದಿರುವುದೆಲ್ಲ ರೈಫಲ್‌ನ ಖಾಲಿ ಕೇಸುಗಳು. ಇವನ್ನು ತೊಳೆದು, ತಿದ್ದಿ, ಮತ್ತೆ ತುಂಬಲು ಸಿದ್ಧ ಮಾಡುವುದು ಇವತ್ತಿನ ಕೆಲಸ. ಕೊಡಗು, ಮಲೆನಾಡಿನ ಕಡೆಯವರಿಗೆ ಖಾಲಿ ತೋಟಾ ಅಂದರೆ ಸಾಕು. ಆದರೆ ಅಲ್ಲಿ ಕಣ್ಣಿಗೆ ಬೀಳುವುದು ಜಾಸ್ತಿ ಪ್ಲಾಸ್ಟಿಕ್ ಮೈ, ಲೋಹದ ಬುಡ ಇರುವಂಥದ್ದು. ಇದು ಪೂರ್ತಿ ಹಿತ್ತಾಳೆ. ನೂರಕ್ಕೆ 70 ಭಾಗ ತಾಮ್ರ, 30 ಭಾಗ ಸತು. ಗುಂಡು, ಮದ್ದು, ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಮೂರೂ ಒಂದೇ ಸಲಕ್ಕೆ ಮುಗಿದುಹೋಗುತ್ತವೆ. ಕೇಸು ಮಾತ್ರ ಉಳಿಯುತ್ತದೆ. ಹೊಸದು ಕೊಂಡರೆ ಸಾಮಾನ್ಯವಾಗಿ ಅದೇ ದುಬಾರಿ. ಹಾಗಾಗಿ ಅಮೆರಿಕದ ಫೀನಿಕ್ಸ್‌ನ ಬಿಸಿಲಲ್ಲಿ ಬಗ್ಗಿ ಬಗ್ಗಿ ಆರಿಸಿ ತಂದಿದ್ದೇನೆ. ಸೊಂಟ ಇನ್ನೂ ಹಿಡಿದುಕೊಂಡಿದೆ.

ಶುರು ಮಾಡುವ ಮೊದಲು ಕಾನೂನಿನ ಮಾತು, ಬೇಗ ಮುಗಿಸುತ್ತೇನೆ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ. ವ್ಯಾಪಾರಕ್ಕೆ ಇಳಿದರೆ ತಯಾರಕರ ಲೈಸೆನ್ಸ್ ಬೇಕು. ಎಚ್-1ಬಿ ಥರದ ವೀಸಾದಲ್ಲಿ ಇರುವವರಿಗೆ ನಿಯಮ ಬೇರೆ. ಬೇಟೆ ಲೈಸೆನ್ಸ್‌ನಂಥ ವಿನಾಯಿತಿ ಇಲ್ಲದಿದ್ದರೆ ಬಂದೂಕನ್ನೂ ಇಟ್ಟುಕೊಳ್ಳುವಂತಿಲ್ಲ, ತೋಟಾವನ್ನೂ ಇಟ್ಟುಕೊಳ್ಳುವಂತಿಲ್ಲ. ಇಲ್ಲಿಗೆ ಹೊಸದಾಗಿ ಬಂದ ನಮ್ಮ ಹುಡುಗರು ಇದನ್ನು ಗಮನಿಸಲೇಬೇಕು. ಊರಲ್ಲಿ ಕೂತು ನೋಡುತ್ತಿರುವವರೇ, 1959ರ ಆಯುಧ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ಕೊಡವರಿಗೆ ಸಿಕ್ಕಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಸುಮ್ನೆ ನೋಡಿ, ಮನೆಯಲ್ಲಿ ಮಾಡಲು ಹೋಗಬೇಡಿ.

ಇನ್ನೊಂದು ವಿಷಯ. ಮದ್ದಿನ ಅಳತೆ ಈ ವಿಡಿಯೋದಲ್ಲಿ ಬರುವುದಿಲ್ಲ. ಅದನ್ನು ಮದ್ದಿನ ಕಂಪನಿಯವರು ಅಚ್ಚು ಹಾಕಿದ ಪುಸ್ತಕದಿಂದ ತಗೊಳ್ಳಬೇಕು, ನನ್ನಂಥ ವ್ಲಾಗರ್‌ನಿಂದ ಅಲ್ಲ. ಇವತ್ತು ಬರೀ ಹಿತ್ತಾಳೆ.

ಈಗ ಕ್ಯಾಮೆರಾವನ್ನು ಕೇಸಿನ ಬುಡದ ಹತ್ತಿರ ತಂದಿದ್ದೇನೆ. ಅಕ್ಷರ ಕಾಣಿಸುತ್ತಿದೆಯಾ? ಇದಕ್ಕೆ ಹೆಡ್‌ಸ್ಟಾಂಪ್ ಅನ್ನುತ್ತಾರೆ. ಎಲ್, ಸಿ ಅಂತ ಇದ್ದರೆ ಮಿಸೌರಿಯ ಇಂಡಿಪೆಂಡೆನ್ಸ್ ಊರಿನ ಹತ್ತಿರ ಇರುವ ಲೇಕ್ ಸಿಟಿ ಕಾರ್ಖಾನೆಯದು, ಅಂದರೆ ಸೇನೆಯ ಮಾಲು. ಪಕ್ಕದ ಎರಡು ಅಂಕಿ ತಯಾರಾದ ವರ್ಷ. ವೃತ್ತದೊಳಗೆ ಪ್ಲಸ್ ಗುರುತು ಇದ್ದರೆ ನೇಟೋ ಸೇನಾ ಕೂಟದ ಅಳತೆಯದು. ಇದನ್ನು ಅಂಗಡಿಯಲ್ಲಿ ಸಿಗುವ .308 ವಿಂಚೆಸ್ಟರ್ ಅನ್ನುವ ತೋಟಾದ ಕೇಸಿನ ಜೊತೆ ಬೆರೆಸಬಾರದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಸೇನೆಯ ಕೇಸಿನ ಗೋಡೆ ಸಾಮಾನ್ಯವಾಗಿ ದಪ್ಪ, ಹಾಗಾಗಿ ಒಳಗಿನ ಜಾಗ ಕಮ್ಮಿ. ಅದೇ ಮದ್ದು ಹಾಕಿದರೂ ಒತ್ತಡ ಏರುತ್ತದೆ. ಅದಕ್ಕೇ ಮೊದಲ ಕೆಲಸ ಬೇರೆ ಬೇರೆ ಡಬ್ಬಕ್ಕೆ ವಿಂಗಡಿಸುವುದು. ಕತ್ತು, ಅಂದರೆ ಗುಂಡು ಕೂರುವ ಕಿರಿದಾದ ಭಾಗ, ಸೀಳಿದ್ದು, ಬಾಯಿ ಜಜ್ಜಿದ್ದು ಇಲ್ಲೇ ಹೊರಗೆ. ಅಕಸ್ಮಾತ್ ಸಿಡಿಯದ ತೋಟಾ ಒಂದು ಸೇರಿಕೊಂಡಿದ್ದರೂ ಈಗಲೇ ಸಿಗುತ್ತದೆ.

ಮುಂದೆ ಹಳೆಯ ಪ್ರೈಮರ್ ತೆಗೆಯುವುದು. ನಮ್ಮ ಹಿರಿಯರು ಕೇಪು ಅನ್ನುತ್ತಿದ್ದರಲ್ವಾ, ಅದೇ ಕೆಲಸ ಮಾಡುವ ಪುಟ್ಟ ಬಟ್ಟಲು ಇದು. ಪ್ರೆಸ್, ಅಂದರೆ ಈ ಒತ್ತುಯಂತ್ರದ ಹಿಡಿ ಎಳೆದರೆ ಸೂಜಿ ಒಳಗಿನಿಂದ ನೂಕುತ್ತದೆ, ಟಣ್ ಅಂತ ಕೆಳಗೆ ಬೀಳುತ್ತದೆ. ಕೇಸಿನೊಳಗೆ ಒಂದೇ ತೂತು ನಟ್ಟನಡುವೆ ಇದ್ದರೆ ಬಾಕ್ಸರ್ ಮಾದರಿ, ಸಲೀಸು. ಎರಡು ತೂತು ಇದ್ದರೆ ಬೆರ್ಡನ್ ಮಾದರಿ, ಸೂಜಿ ಮುರಿದುಹೋಗುತ್ತದೆ. ಇದರಲ್ಲೊಂದು ತಮಾಷೆ ಇದೆ. ಬಾಕ್ಸರ್ ಇಂಗ್ಲೆಂಡಿನವನು, ಅವನ ಮಾದರಿ ಅಮೆರಿಕದಲ್ಲಿ ನೆಲೆಯೂರಿತು. ಬೆರ್ಡನ್ ಅಮೆರಿಕದವನು, ಅವನ ಮಾದರಿ ಯುರೋಪಿಗೆ ಹೋಗಿ ಸೇರಿತು. ಕೈಗವಸು ಯಾಕೆ ಅಂತ ಕೇಳಬೇಡಿ. ಸುಟ್ಟ ಪ್ರೈಮರ್‌ನ ಮಸಿಯಲ್ಲಿ ಸೀಸ ಇರುತ್ತದೆ. ಈ ಕೆಲಸದ ಹೊತ್ತಲ್ಲಿ ಮಗಳನ್ನು ಗ್ಯಾರೇಜಿಗೆ ಬಿಡುವುದಿಲ್ಲ, ಕಾಫಿ ಲೋಟವನ್ನೂ ತರುವುದಿಲ್ಲ.

ಈಗ ತೊಳೆಯುವುದು. ಡ್ರಮ್ಮಿಗೆ ಕೇಸು, ನೀರು, ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಸಣ್ಣ ಕಡ್ಡಿ, ಒಂದು ಹನಿ ಪಾತ್ರೆ ತೊಳೆಯುವ ಸೋಪು, ಚಿಟಿಕೆ ಸಿಟ್ರಿಕ್ ಆಮ್ಲ. ವಿಡಿಯೋ ಕಾಲ್‌ನಲ್ಲಿ ಇದನ್ನು ನೋಡಿದ ಅಮ್ಮ, "ಅಷ್ಟೆಲ್ಲ ಯಾಕೋ, ಒಂದಿಷ್ಟು ಹುಣಸೆಹಣ್ಣು ಹಾಕಿ ತಿಕ್ಕು" ಅಂದರು. ಅಮ್ಮ ಹೇಳಿದ್ದು ಸರಿಯೇ. ಹುಣಸೆಹುಳಿಯೂ ಆಮ್ಲ, ಇದೂ ಆಮ್ಲ, ಕಪ್ಪು ಪದರ ಕರಗಿಸುವುದು ಅದೇ. ಆದರೆ ಆಮ್ಲ ಜಾಸ್ತಿಯಾದರೆ ಅಥವಾ ತುಂಬ ಹೊತ್ತು ನೆನೆದರೆ ಮೇಲ್ಮೈಯ ಸತು ಕರಗಿ ಕೇಸು ನಸುಗೆಂಪಾಗುತ್ತದೆ.

ಹಾಕಲೇಬಾರದ್ದು ಅಮೋನಿಯಾ ಇರುವ ಪಾಲಿಶ್. ಇದರ ಹಿಂದಿನ ಕಥೆ ನಮ್ಮ ದೇಶದ್ದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದವರು ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಹಿತ್ತಾಳೆ ತನ್ನಷ್ಟಕ್ಕೆ ಬಿರುಕು ಬಿಟ್ಟಿರುತ್ತಿತ್ತು. ಒಂದು ಗುಂಡೂ ಹಾರಿಸಿರಲಿಲ್ಲ! ಮಳೆಗಾಲದಲ್ಲೇ ಆಗುತ್ತಿದ್ದದ್ದರಿಂದ ಇದಕ್ಕೆ ಸೀಸನ್ ಕ್ರ್ಯಾಕಿಂಗ್ ಅಂತ ಹೆಸರು ಬಿತ್ತು. ಕಾರಣ ಸರಿಯಾಗಿ ತಿಳಿದದ್ದು 1921ರಲ್ಲಿ. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ಜೊತೆಗೆ ಕೇಸನ್ನು ತಣ್ಣಗೆ ಎಳೆದು ರೂಪಿಸುವಾಗ ಲೋಹದೊಳಗೆ ಉಳಿದ ಬಿಗಿತ. ಎರಡೂ ಕೂಡಿದರೆ ಹಿತ್ತಾಳೆ ಸೀಳುತ್ತದೆ. ಒಂದೊಂದೇ ಆದರೆ ಇಷ್ಟು ಹಾನಿ ಇಲ್ಲ. ಲಾಯದ ವಾಸನೆ ಮೂಗಿಗೆ ಹೊಡೆಯುತ್ತಿದ್ದರೂ ಅಷ್ಟು ವರ್ಷ ಯಾರಿಗೂ ಅನುಮಾನ ಬರಲಿಲ್ಲ ನೋಡಿ.

ಒಣಗಿಸುವುದಕ್ಕೆ ಅರಿಜೋನಾದ ಬಿಸಿಲು ಸಾಕು. ಇಲ್ಲಿ ಜೂನ್‌ನಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಟವೆಲ್ ಮೇಲೆ ಹರಡಿದರೆ ಆಯಿತು.

ಆ ಲೋಹದ ಬಿಗಿತ ನಮ್ಮನ್ನೂ ಬಿಡುವುದಿಲ್ಲ. ಗುಂಡು ಹಾರಿದಾಗ ಕುತ್ತಿಗೆ ಹಿಗ್ಗುತ್ತದೆ, ಡೈ, ಅಂದರೆ ಪ್ರೆಸ್‌ಗೆ ಹಾಕುವ ಅಚ್ಚು, ಅದನ್ನು ಮತ್ತೆ ಕುಗ್ಗಿಸುತ್ತದೆ. ಹೀಗೆ ಹಿಗ್ಗಿ ಕುಗ್ಗಿ ಹಿತ್ತಾಳೆ ಗಡುಸಾಗಿ ಕೊನೆಗೆ ಸೀಳುತ್ತದೆ. ಅದಕ್ಕೆ ಕುತ್ತಿಗೆ ಮತ್ತು ಅದರ ಕೆಳಗೆ ಇಳಿಜಾರಾಗಿ ಅಗಲವಾಗುವ ಭುಜದ ಭಾಗವನ್ನಷ್ಟೇ ಜ್ವಾಲೆಯಲ್ಲಿ ಕೆಲವು ಸೆಕೆಂಡು ಕಾಯಿಸಿ ಮೆದು ಮಾಡುತ್ತಾರೆ. ಲೈಟ್ ಆರಿಸಿದ್ದು ಅದಕ್ಕೇ. ಕತ್ತಲಲ್ಲಿ ಬಾಯಿ ಸ್ವಲ್ಪ ಕೆಂಪು ತಿರುಗುವ ಸುಳಿವು ಸಿಕ್ಕ ತಕ್ಷಣ ತೆಗೆಯಬೇಕು. ಬುಡಕ್ಕೆ ಬಿಸಿ ಇಳಿಯಬಾರದು. .308ರಲ್ಲಿ ಒತ್ತಡದ ಗರಿಷ್ಠ ಮಿತಿ 62,000 ಪಿಎಸ್‌ಐ, ಅಂದರೆ ಚದರ ಇಂಚಿಗೆ ಅಷ್ಟು ಪೌಂಡ್. ನಿಮ್ಮ ಕಾರಿನ ಟೈರಿನಲ್ಲಿ ಇರುವುದು ಮೂವತ್ತರ ಆಸುಪಾಸು. ಅಷ್ಟು ಒತ್ತಡದ ಮುಂದೆ ಬುಡ ಗಟ್ಟಿಯಾಗಿ ನಿಲ್ಲಬೇಕು. ಬುಡ ಮೆದುವಾದ ಕೇಸು ಕಸಕ್ಕೇ.

ಲೂಬ್ರಿಕೆಂಟ್ ಸವರಿ ಡೈಗೆ ಹಾಕುತ್ತಿದ್ದೇನೆ. ಸವರದಿದ್ದರೆ ಕೇಸು ಡೈ ಒಳಗೇ ಕಚ್ಚಿಕೊಳ್ಳುತ್ತದೆ. ಡ್ರಿಲ್ ಹಿಡಿದು ಬಿಡಿಸುವ ಹೊತ್ತಿಗೆ ಭಾನುವಾರ ಮುಗಿದಿರುತ್ತದೆ. ಭುಜಕ್ಕೆ ಜಾಸ್ತಿ ಬಳಿದರೂ ಗುಳಿ ಬೀಳುತ್ತದೆ.

ನೋಡುವವರು ಕೇಳುವುದೆಲ್ಲ ಹೊಳಪಿನ ಬಗ್ಗೆ. ಎಷ್ಟು ಹೊತ್ತು ತಿರುಗಿಸಿದಿರಿ, ಯಾವ ಸೋಪು ಅಂತ. ಕೇಸು ಹೊಳೆದ ಮಾತ್ರಕ್ಕೆ ಗುಂಡು ನೇರ ಹೋಗುವುದಿಲ್ಲ. ನಾನು ತೊಳೆಯುವುದು ಕೊಳೆ ಡೈಯನ್ನು ಗೀರಬಾರದು ಅಂತ, ಮತ್ತೆ ಈ ಗೆರೆ ಕಾಣಲಿ ಅಂತ. ಬುಡದಿಂದ ಸ್ವಲ್ಪ ಮೇಲೆ, ಸುತ್ತಲೂ, ಬೆಳ್ಳಗೆ ಒಂದು ಉಂಗುರ. ಕಂಡಿತಾ?

ಇದು ಬರುವುದು ಹೀಗೆ. ಮದ್ದು ಉರಿದಾಗ ತೆಳು ಗೋಡೆ ಉಬ್ಬಿ ಚೇಂಬರ್‌ಗೆ, ಅಂದರೆ ರೈಫಲ್‌ನೊಳಗೆ ತೋಟಾ ಕೂರುವ ಗೂಡಿಗೆ, ಅಂಟಿ ನಿಲ್ಲುತ್ತದೆ. ದಪ್ಪ ಬುಡ ಮಾತ್ರ ಹಿಂದಕ್ಕೆ ಸರಿದು, ಆ ಗೂಡನ್ನು ಹಿಂದಿನಿಂದ ಮುಚ್ಚುವ ಬೋಲ್ಟ್‌ಗೆ ಒತ್ತಿಕೊಳ್ಳುತ್ತದೆ. ಎರಡರ ನಡುವಿನ ಹಿತ್ತಾಳೆ ಎಳೆದಾಡಿ ಒಳಗಿಂದ ತೆಳುವಾಗುತ್ತದೆ. ಮುಂದೊಂದು ದಿನ ಅಲ್ಲಿಂದಲೇ ತುಂಡಾಗಿ, ಅರ್ಧ ಕೇಸು ಚೇಂಬರ್‌ನಲ್ಲೇ ಉಳಿಯುತ್ತದೆ. ಬಿಸಿ ಅನಿಲ ಹಿಂದಕ್ಕೆ, ಮುಖದ ಕಡೆಗೆ ನುಗ್ಗಬಹುದು. ಅನುಮಾನ ಬಂದರೆ ಪೇಪರ್ ಕ್ಲಿಪ್ ಬಿಡಿಸಿ, ತುದಿ ಬಗ್ಗಿಸಿ, ಒಳಗೋಡೆಯ ಮೇಲೆ ಎಳೆಯಿರಿ. ತೆಳುವಾದ ಕಡೆ ತುದಿ ತಗ್ಗಿಗೆ ಇಳಿಯುತ್ತದೆ. ಇಷ್ಟು ಅಗ್ಗದ, ಇಷ್ಟು ಪ್ರಾಮಾಣಿಕ ಸಾಧನ ನನ್ನ ಗ್ಯಾರೇಜಿನಲ್ಲಿ ಬೇರೆ ಇಲ್ಲ.

ಗೆರೆ ಬೇಗ ಬರುವುದಕ್ಕೆ ಎಷ್ಟೋ ಸಲ ನಾವೇ ಕಾರಣ. ಡೈಯನ್ನು ಜಾಸ್ತಿ ಕೆಳಗಿಳಿಸಿ ಭುಜವನ್ನು ಹಿಂದಕ್ಕೆ ತಳ್ಳಿದರೆ ಮುಂದಿನ ಗುಂಡಿಗೆ ಕೇಸು ಅಷ್ಟೂ ದೂರ ಹಿಗ್ಗಬೇಕು. ಬೋಲ್ಟನ್ನು ಕೈಯಿಂದ ಎಳೆಯುವ ರೈಫಲ್‌ಗೆ ಭುಜ ಒಂದು ಇಂಚಿನ ಸಾವಿರ ಭಾಗದಲ್ಲಿ ಎರಡು ಭಾಗ, ಅಂದರೆ 0.05 ಮಿಲಿಮೀಟರ್, ಹಿಂದೆ ಸರಿದರೆ ಸಾಕು. ಅಳೆಯದೆ ಇದು ಆಗುವ ಮಾತಲ್ಲ. ತಂತಾನೇ ಲೋಡ್ ಆಗುವ ರೈಫಲ್‌ಗೆ ಇನ್ನೊಂದಿಷ್ಟು ಸಡಿಲ ಬೇಕು.

ಡೈಯಿಂದ ಹೊರಬಂದ ಕೇಸು ಸ್ವಲ್ಪ ಉದ್ದ ಆಗಿರುತ್ತದೆ. ಎಳೆದಾಡಿದ ಹಿತ್ತಾಳೆ ಮುಂದಕ್ಕೆ ಹರಿಯುತ್ತದೆ. .308ಕ್ಕೆ ಗರಿಷ್ಠ ಉದ್ದ 2.015 ಇಂಚು, ನಾನು ಕತ್ತರಿಸುವುದು 2.005ಕ್ಕೆ. ಉದ್ದ ಜಾಸ್ತಿಯಾದರೆ ಕೇಸಿನ ಬಾಯಿ ಚೇಂಬರ್‌ನ ತುದಿಗೆ ಒತ್ತಿಕೊಂಡು ಗುಂಡನ್ನು ಬಿಗಿಯಾಗಿ ಹಿಡಿಯುತ್ತದೆ, ಒತ್ತಡ ಏರುತ್ತದೆ. ಕತ್ತರಿಸಿದ ಮೇಲೆ ಬಾಯಿಯ ಒಳ ಅಂಚು, ಹೊರ ಅಂಚು ನಯ ಮಾಡುವುದು. ಬೇಜಾರಿನ ಕೆಲಸ, ವಿಡಿಯೋ ಓಡಿಸುತ್ತಿದ್ದೇನೆ. ಸೇನೆಯ ಕೇಸಿಗೆ ಒಂದು ಹೆಚ್ಚುವರಿ ಕೆಲಸ ಇದೆ. ಪ್ರೈಮರ್ ಕದಲದಂತೆ ಸುತ್ತ ಲೋಹ ಮಡಿಸಿರುತ್ತಾರೆ, ಆ ಅಂಚನ್ನು ತೆಗೆಯದೆ ಹೊಸ ಪ್ರೈಮರ್ ಕೂರುವುದಿಲ್ಲ. ಉಳಿದ ಲೂಬ್ರಿಕೆಂಟ್ ಒರೆಸಿ, ಡಬ್ಬದ ಮೇಲೆ ಹೆಡ್‌ಸ್ಟಾಂಪ್, ಎಷ್ಟನೇ ಸಲ, ಕತ್ತರಿಸಿದ ಉದ್ದ ಬರೆದಿಟ್ಟರೆ ಆಯಿತು.

ಇನ್ನು ಈ ಬಕೆಟ್. ಗೆರೆ ಕಂಡದ್ದು, ಕತ್ತು ಸೀಳಿದ್ದು, ಪ್ರೈಮರ್ ಸಡಿಲಾಗಿ ಕೂರುವಂಥದ್ದು ಎಲ್ಲ ಇದರಲ್ಲಿ. ಇಕ್ಕಳದಿಂದ ಬಾಯಿ ಜಜ್ಜಿಯೇ ಹಾಕುತ್ತೇನೆ, ಇಲ್ಲದಿದ್ದರೆ ಯಾರಾದರೂ ಚೆನ್ನಾಗಿದೆಯಲ್ಲ ಅಂತ ಎತ್ತಿ ಬಳಸಿಬಿಡುತ್ತಾರೆ. ತುಂಬಿದ ಮೇಲೆ ಗುಜರಿ ಅಂಗಡಿಗೆ. ಅಲ್ಲಿ ಹಿತ್ತಾಳೆ ತೂಕಕ್ಕೆ ದುಡ್ಡು ಕೊಡುತ್ತಾರೆ.