ಕೊಂಡುಕುರಿಯ ಕಾಡು ನಮ್ಮ ಜಗಳೂರಲ್ಲಿದೆ

ಎಲ್ಲರಿಗೂ ನಮಸ್ಕಾರ.

ಅಭಯಾರಣ್ಯ ಅಂದ ಕೂಡಲೇ ನಮಗೆ ಬಂಡೀಪುರ, ನಾಗರಹೊಳೆ ನೆನಪಾಗುತ್ತವೆ. ಹುಲಿ, ಆನೆ, ದಟ್ಟ ಹಸಿರು, ಅಲ್ವಾ? ನಮ್ಮ ದಾವಣಗೆರೆ ಜಿಲ್ಲೆಯ ಜಗಳೂರು ಕಡೆಯ ಗುಡ್ಡಗಳನ್ನು ನೋಡಿದರೆ ಮಾತ್ರ ‘ಬರೀ ಕಲ್ಲು, ಮುಳ್ಳು’ ಅಂದುಬಿಡುತ್ತೇವೆ. ನಾನೂ ವರ್ಷಗಟ್ಟಲೆ ಹಾಗೇ ಅಂದುಕೊಂಡಿದ್ದೆ.

ಆ ಗುಡ್ಡಗಳ ನಡುವೆಯೇ ರಂಗಯ್ಯನದುರ್ಗ ವನ್ಯಧಾಮ ಇದೆ. 2011ರಲ್ಲಿ ಘೋಷಣೆಯಾಯಿತು. ಸುಮಾರು 77 ಚದರ ಕಿಲೋಮೀಟರ್ ಜಾಗ. ಅದನ್ನು ಮಾಡಿದ್ದು ಹುಲಿಗಾಗಿ ಅಲ್ಲ, ಕೊಂಡುಕುರಿಗಾಗಿ.

ಹೆಸರಲ್ಲಿ ಕುರಿ ಇದ್ದರೂ ಇದು ಹುಲ್ಲೆಯ ಜಾತಿ. ತೂಕ 20 ಕಿಲೋ ಆಸುಪಾಸು. ಗಂಡಿಗೆ ನಾಲ್ಕು ಕೊಂಬು. ಕಿವಿಗಳ ನಡುವೆ ಎರಡು, ಅವುಗಳ ಮುಂದೆ ಹಣೆಯ ಮೇಲೆ ಮೊಳಕೆಯಂಥ ಇನ್ನೆರಡು. ಹೆಣ್ಣಿಗೆ ಕೊಂಬೇ ಇಲ್ಲ. ಬೇರೆ ಯಾವ ಹುಲ್ಲೆಗೂ ನಾಲ್ಕು ಕೊಂಬಿಲ್ಲ. ಭಾರತ, ನೇಪಾಳ ಬಿಟ್ಟರೆ ಪ್ರಪಂಚದ ಬೇರೆಲ್ಲೂ ಈ ಪ್ರಾಣಿ ಕಾಡಿನಲ್ಲಿ ಸಿಗುವುದಿಲ್ಲ. ಅಂಥದ್ದು ನಮ್ಮ ಜಿಲ್ಲೆಯಲ್ಲಿದೆ!

ರಾಣೆಬೆನ್ನೂರಿನ ಕೃಷ್ಣಮೃಗಗಳನ್ನು ನೀವು ನೋಡಿರಬಹುದು. ಅವು ಬಯಲಲ್ಲಿ ಹಿಂಡು ಕಟ್ಟಿಕೊಂಡು ಇರುತ್ತವೆ. ಕೊಂಡುಕುರಿ ಹಾಗಲ್ಲ. ಒಂಟಿಯಾಗಿ ಇರುತ್ತದೆ, ಇಲ್ಲವೇ ಜೋಡಿಯಾಗಿ. ಅಪಾಯದ ಸುಳಿವು ಸಿಕ್ಕರೆ ಹುಲ್ಲಿನ ಮರೆಯಲ್ಲಿ ಅಲುಗಾಡದೆ ನಿಲ್ಲುತ್ತದೆ. ಮರಿಯನ್ನೂ ಹುಲ್ಲಲ್ಲೇ ಬಚ್ಚಿಡುತ್ತದೆ. ಹಾಗಾಗಿ ಅದಕ್ಕೆ ಒಣ ಹುಲ್ಲೇ ಕೋಟೆ.

ಆ ಕೋಟೆಗೆ ನಾವು ಬೆಂಕಿ ಇಡುತ್ತೇವೆ. ಹಳೇ ಹುಲ್ಲು ಸುಟ್ಟರೆ ಮಳೆ ಬಿದ್ದ ಮೇಲೆ ಹೊಸದು ಚೆನ್ನಾಗಿ ಚಿಗುರುತ್ತದೆ ಅಂತ ಕೆಲವರು ಬೇಕಂತಲೇ ಹಚ್ಚುತ್ತಾರೆ. ಕೆಲವೊಮ್ಮೆ ಯಾರೋ ಸೇದಿ ಎಸೆದ ಬೀಡಿಯೇ ಸಾಕು. ಮಳೆಗಾಲ ಮುಗಿದು ಚಳಿ ಇರುವಾಗ ಹುಟ್ಟಿದ ಮರಿಗಳು ಬೇಸಿಗೆಯ ಹೊತ್ತಿಗೆ ಇನ್ನೂ ಎಳೆಯವು. ಕರಕಲಾದ ಗುಡ್ಡದಲ್ಲಿ ಅವು ಎಲ್ಲಿ ಅಡಗಬೇಕು ಹೇಳಿ? ಇದನ್ನು ನೆನೆದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಇನ್ನು ನಾಯಿಗಳು. ಬೆಂಕಿಯಷ್ಟೇ ಕಾಟ. ನೀರಿನದೂ ಒಂದು ಕಷ್ಟ. ಕೊಂಡುಕುರಿಗೆ ಆಗಾಗ ನೀರು ಕುಡಿಯಲೇಬೇಕು. ಹಳ್ಳ ಬತ್ತಿದರೆ ಅದು ಊರ ಕಡೆ ಬರುತ್ತದೆ, ಅಲ್ಲಿ ನಾಯಿಗಳಿರುತ್ತವೆ.

ಕಾನೂನು ಗಟ್ಟಿಯಾಗಿಯೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿ ಹುಲಿಯೂ ಇದೆ, ಕೊಂಡುಕುರಿಯೂ ಇದೆ. ಒಂದು ವ್ಯತ್ಯಾಸ ಮಾತ್ರ ತಿಳಿದಿರಲಿ. ರಾಷ್ಟ್ರೀಯ ಉದ್ಯಾನದೊಳಗೆ ದನ ಕುರಿ ಮೇಯಿಸುವಂತಿಲ್ಲ. ವನ್ಯಧಾಮದಲ್ಲಿ ಅಧಿಕಾರಿಗಳು ಮಿತಿ ಹಾಕಿ ಅವಕಾಶ ಕೊಡಬಹುದು. ಅಂದರೆ ಇಲ್ಲಿ ಕುರಿ ಕಾಯುವವರನ್ನು ಹೊರಗಿಟ್ಟು ಕಾಡು ಉಳಿಸುವ ಮಾತು ನಡೆಯುವುದಿಲ್ಲ. ನನ್ನ ಮಟ್ಟಿಗೆ ಅದು ಒಳ್ಳೆಯದೇ. ಆ ಗುಡ್ಡದ ಒಂದೊಂದು ಪೊದೆಯನ್ನೂ ಬಲ್ಲವರು ಅವರೇ.

ಸುಮ್ನೆ ಹೋಗಿ ನಿಂತರೆ ಕೊಂಡುಕುರಿ ಕಾಣುವುದಿಲ್ಲ. ಅದರ ಗುರುತು ಸಿಗುವುದು ಹಿಕ್ಕೆಯಿಂದ. ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುವುದು ಅದರ ಅಭ್ಯಾಸ. ಒಮ್ಮೆ ಅಂಥ ಗುಡ್ಡೆಯನ್ನು ನನಗೆ ತೋರಿಸಿದ್ದು ಕುರಿ ಕಾಯುವ ಒಬ್ಬ ಅಜ್ಜ. ಬಂಡೆಯ ಪಕ್ಕದಲ್ಲಿ ಹಳೆಯ ಹಿಕ್ಕೆ ಒಣಗಿ ಬೆಳ್ಳಗಾಗಿತ್ತು, ಮೇಲಿನದು ಇನ್ನೂ ಹಸಿ. ಪ್ರಾಣಿ ಕಾಣಲಿಲ್ಲ. ಅಜ್ಜನ ನಾಯಿ ಎಲ್ಲಿ ಅಂತ ಕೇಳಿದೆ.

‘ಕೆಳಗೆ ಕಟ್ಟಿ ಬಂದೀನಿ ಸರ್. ಕೊಂಡುಕುರಿ ದಿನಾ ಇಲ್ಲಿಗೇ ಬರ್ತೈತಿ, ನಾಯಿನ ಈ ಕಡಿಗೆ ಬಿಡಂಗಿಲ್ಲ’ ಅಂದರು.