ಬಣ್ಣ ಬಿಡಿ, ಅಂಚು ನೋಡಿ

ಎಲ್ಲರಿಗೂ ನಮಸ್ಕಾರ.

ಮಾರ್ಚ್ 20 ವಿಶ್ವ ಬಾಯಿ ಆರೋಗ್ಯ ದಿನ. ಪ್ರತಿ ವರ್ಷ ಈ ದಿನ ಹಲ್ಲುಜ್ಜುವುದು ಹೇಗೆ ಅಂತ ಹೇಳಿಕೊಡುತ್ತೇವೆ. ಅದನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಇವತ್ತು ನಾನು ಒಂದೇ ಪ್ರಶ್ನೆ ಹಿಡಿದು ಬಂದಿದ್ದೇನೆ. ನಿಮ್ಮಲ್ಲಿ ಸುಮಾರು ಜನ ಯಾವತ್ತೋ ಒಂದು ದವಡೆ ಹಲ್ಲಿಗೆ ‘ಸಿಮೆಂಟ್’ ಹಾಕಿಸಿರುತ್ತೀರಿ. ಆ ಫಿಲ್ಲಿಂಗನ್ನು ಯಾವಾಗ ಬದಲಾಯಿಸಬೇಕು?

ನನ್ನ ಅಮ್ಮನ ವಿಷಯ ಹೇಳುತ್ತೇನೆ. ಅವರ ಬಲಗಡೆ ಕೆಳದವಡೆಯಲ್ಲಿ ಒಂದು ಬೆಳ್ಳಿ ಫಿಲ್ಲಿಂಗ್ ಇತ್ತು. 20 ವರ್ಷಕ್ಕಿಂತ ಹಳೆಯದು. ನೋವಿಲ್ಲ, ಊತವಿಲ್ಲ. ಕೇಳಿದಾಗಲೆಲ್ಲ ‘ಅದಕ್ಕೇನಾಗಿದೆ, ಕಲ್ಲಿನ ಹಾಗಿದೆ’ ಅನ್ನುತ್ತಿದ್ದರು. ಒಂದು ದೀಪಾವಳಿಗೆ ಊರಿಗೆ ಹೋಗಿದ್ದೆ. ಊಟ ಮುಗಿದ ತಕ್ಷಣ ಅಮ್ಮ ಕಡ್ಡಿಪೊರಕೆ ಹತ್ತಿರ ಹೋಗಿ ಒಂದು ಕಡ್ಡಿ ಮುರಿದುಕೊಂಡು ಬಂದರು. ರಾತ್ರಿಯೂ ಹಾಗೇ. ಮರುದಿನವೂ ಹಾಗೇ. ಪ್ರತಿ ಸಲ ಅದೇ ಜಾಗ, ಅದೇ ಹಲ್ಲಿನ ಸಂದು. ಸಂಜೆ ಕೋಡುಬಳೆ ಕೊಟ್ಟರೆ ಎಡಗಡೆಯಲ್ಲೇ ಕಡಿಯುತ್ತಿದ್ದರು. ‘ಯಾಕಮ್ಮ ಬಲಗಡೆ ಅಗಿಯಲ್ಲ?’ ಅಂದೆ. ‘ಹೌದಾ? ಗೊತ್ತೇ ಆಗಿಲ್ಲ ನೋಡು’ ಅಂದರು.

ಗೊತ್ತೇ ಆಗಿಲ್ಲ. ಈ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಎಕ್ಸ್‌ರೇ ತೆಗೆದು ನೋಡಿದರೆ, ಫಿಲ್ಲಿಂಗ್ ಮೇಲಿಂದ ಗಟ್ಟಿಮುಟ್ಟಾಗಿದೆ. ಅದರ ಅಂಚು ಪಕ್ಕದಲ್ಲಿ ಬಿಟ್ಟುಕೊಂಡು, ಕೆಳಗೆ ಹೊಸ ಹುಳುಕು ನರದವರೆಗೂ ಇಳಿದಿದೆ. ಮೊದಲೇ ನೋಡಿದ್ದರೆ ಇನ್ನೊಂದು ಫಿಲ್ಲಿಂಗ್ ಸಾಕಾಗುತ್ತಿತ್ತು. ಕೊನೆಗೆ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕಾಯಿತು.

ಹಾಗಾಗಿ ಹೇಳುತ್ತೇನೆ, ಅಂಚು ನೋಡಿ. ಹಲ್ಲಿಗೂ ಫಿಲ್ಲಿಂಗಿಗೂ ಮಧ್ಯೆ ಇರುವ ಆ ಕೂದಲೆಳೆಯಷ್ಟು ಗೆರೆಯಲ್ಲೇ ಎಲ್ಲ ಶುರುವಾಗುವುದು. ವರ್ಷಗಟ್ಟಲೆ ಅಗಿದು ಬೆಳ್ಳಿಯ ಅಂಚು ಚೂರುಚೂರಾಗಿ ಉದುರುತ್ತದೆ. ಹಲ್ಲಿನ ಬಣ್ಣದ ಫಿಲ್ಲಿಂಗ್, ಅಂದರೆ ಕಾಂಪೋಸಿಟ್‌ದು ಬೇರೆ ಕಥೆ. ನೀಲಿ ಬೆಳಕು ಹಿಡಿದು ಗಟ್ಟಿ ಮಾಡುವಾಗಲೇ ಅದು ನೂರಕ್ಕೆ 2–3 ಪಾಲು ಕುಗ್ಗುತ್ತದೆ. ಎಚ್ಚರಿಕೆಯಿಂದ ಪದರ ಪದರವಾಗಿ ತುಂಬದಿದ್ದರೆ ಅಂಚಿನಲ್ಲಿ ಸಂದು ಉಳಿಯುತ್ತದೆ. ಎಂಜಲು, ಸಕ್ಕರೆ, ಬ್ಯಾಕ್ಟೀರಿಯಾ, ಎಲ್ಲ ಅಲ್ಲಿಂದಲೇ ಒಳಗೆ ನುಗ್ಗುವುದು.

ಇದಕ್ಕೆ ತೀರಾ ಉಲ್ಟಾ ಒಂದು ಪ್ರಸಂಗ. ನಿವೃತ್ತ ಮೇಷ್ಟ್ರೊಬ್ಬರು ಗಾಬರಿಯಲ್ಲಿ ಬಂದರು. ಬಾಯಲ್ಲಿ ಆರು ಬೆಳ್ಳಿ ಫಿಲ್ಲಿಂಗ್. ಕಪ್ಪಾಗಿವೆ, ಹಳೆಯವು, ಎಲ್ಲ ತೆಗೆಸಿ ಅಂತ ಯಾರೋ ಹೇಳಿದ್ದರಂತೆ. ಒಂದೊಂದನ್ನೂ ಒಣಗಿಸಿ, ದೀಪ ಹಿಡಿದು ನೋಡಿದೆ. ಎಕ್ಸ್‌ರೇ ಕೂಡ ತೆಗೆದೆ. ಐದರ ಅಂಚು ಚೆನ್ನಾಗಿತ್ತು. ಆರನೆಯದರಲ್ಲಿ ಒಂದು ಮೂಲೆ ಮುರಿದಿತ್ತು, ಅಷ್ಟಕ್ಕೇ ತೇಪೆ ಹಾಕಿದೆ. ಬೆಳ್ಳಿ ಕಪ್ಪಾಗುವುದು ಅದರ ಗುಣ, ರೋಗ ಅಲ್ಲ. ಫಿಲ್ಲಿಂಗ್ ಹಳೆಯದು ಅನ್ನುವುದೂ ತೆಗೆಸಲು ಕಾರಣವಲ್ಲ. 10–15 ವರ್ಷ ಸಲೀಸಾಗಿ ಬಾಳಿ, ಅದಕ್ಕಿಂತ ಜಾಸ್ತಿ ನಡೆದವು ಎಷ್ಟೋ ಇವೆ. ಸುಮ್ನೆ ಯಾಕೆ ಕೆರೆಯಬೇಕು? ಪ್ರತಿ ಸಲ ಹಳೆಯದನ್ನು ತೆಗೆಯುವಾಗ ಸ್ವಲ್ಪ ಒಳ್ಳೇ ಹಲ್ಲೂ ಹೋಗುತ್ತದೆ. ಗುಂಡಿ ದೊಡ್ಡದಾಗುತ್ತದೆ, ಗೋಡೆ ತೆಳ್ಳಗಾಗುತ್ತದೆ. ಹೋದ ಹಲ್ಲು ಮತ್ತೆ ಬೆಳೆಯಲ್ಲ, ಅಲ್ವಾ?

‘ಅದರಲ್ಲಿ ಪಾದರಸ ಇದೆಯಲ್ಲ ಡಾಕ್ಟ್ರೇ’ ಅಂತ ಅಲ್ಲಿ ಹಿಂದೆ ಯಾರೋ ಕೇಳುತ್ತಿದ್ದಾರೆ. ಇದೆ, ಹೆಚ್ಚುಕಡಿಮೆ ಅರ್ಧದಷ್ಟು. ಆದರೆ ಗಟ್ಟಿಯಾದ ಮೇಲೆ ಅದು ಬೆಳ್ಳಿ, ತವರ, ತಾಮ್ರದ ಜೊತೆ ಕಟ್ಟಿಕೊಂಡಿರುತ್ತದೆ. ಅದರ ಆವಿ ಜಾಸ್ತಿ ಏಳುವುದು ಕೊರೆದು ತೆಗೆಯುವಾಗಲೇ. ಪಾದರಸದ ಬಳಕೆ ತಗ್ಗಿಸಲು ದೇಶಗಳು ಮಾಡಿಕೊಂಡ 2013ರ ಮಿನಮಾಟಾ ಒಪ್ಪಂದದಿಂದಾಗಿ ಜಗತ್ತಿನಲ್ಲಿ ಇದರ ಬಳಕೆ ಇಳಿಯುತ್ತಿದೆ. ಭಾರತವೂ 2018ರಲ್ಲಿ ಸೇರಿತು. ಮಕ್ಕಳಿಗೆ, ಗರ್ಭಿಣಿಯರಿಗೆ ಹೊಸದಾಗಿ ಇದನ್ನು ಹಾಕದಿರುವುದೇ ಒಳ್ಳೆಯದು. ಆದರೆ ಚೆನ್ನಾಗಿರುವ ಹಳೆಯದನ್ನು ಕೀಳಿಸಬೇಕಾಗಿಲ್ಲ.

ಸಮಯ ಮುಗಿಯಿತು ಅಂತ ಚೀಟಿ ಬಂದಿದೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಅಡಿಕೆ ಕಡಿದು ಬಾಯಿ ತೆರೆಯುವಾಗ ಚುಳ್ ಅಂದರೆ ಹಲ್ಲು ಬಿರುಕು ಬಿಟ್ಟಿರಬಹುದು. ತಣ್ಣೀರಿಗೆ ಜುಮ್ ಅಂದು ಎರಡು ಸೆಕೆಂಡಿನಲ್ಲಿ ಹೋದರೆ ಭಯವಿಲ್ಲ. ಬಿಸಿ ಕಾಫಿ ಕುಡಿದ ಮೇಲೆ ನೋವು ನಿಮಿಷಗಟ್ಟಲೆ ಉಳಿದರೆ ನರಕ್ಕೆ ತಾಗಿದೆ, ಮುಂದೂಡಬೇಡಿ. ಹೊಸ ಫಿಲ್ಲಿಂಗ್ ಒಂದೆರಡು ವಾರ ಜುಮ್ಮೆನ್ನಬಹುದು. ಆದರೆ ಕಚ್ಚಿದಾಗ ಅದೇ ಮೊದಲು ತಾಗುತ್ತಿದ್ದರೆ ಎತ್ತರವಾಗಿದೆ ಅಂತ ಅರ್ಥ, ಉಜ್ಜಿಸಿಕೊಂಡರೆ ಸರಿಹೋಗುತ್ತದೆ. ಹಲ್ಲಿನ ಸಂದಿನಲ್ಲಿ ಫ್ಲಾಸ್ ದಾರ ಒಂದೇ ಕಡೆ ಪದೇ ಪದೇ ಹರಿಯುತ್ತಿದೆಯಾ? ನಾಲಗೆಗೆ ಅಂಚು ತರಚುತ್ತಿದೆಯಾ? ತೋರಿಸಿಕೊಳ್ಳಿ. ಬಿದ್ದೇ ಹೋದರೆ ಅಂಗಡಿಯ ಗೋಂದು ಹಾಕಿ ಅಂಟಿಸಬೇಡಿ. ಉಪ್ಪುನೀರಲ್ಲಿ ಮುಕ್ಕಳಿಸಿ, ಆ ಕಡೆ ಅಗಿಯದೆ, ಒಂದೆರಡು ದಿನದಲ್ಲಿ ಬನ್ನಿ.

ಇವತ್ತು ರಾತ್ರಿ ಮನೆಯಲ್ಲಿ ಊಟವಾದ ಮೇಲೆ ನಿಮ್ಮ ಅಮ್ಮನನ್ನೋ ಅಪ್ಪನನ್ನೋ ಸ್ವಲ್ಪ ಗಮನಿಸಿ. ಕಡ್ಡಿ ಹುಡುಕುತ್ತಾರಾ, ಯಾವ ಕಡೆ ಅಗಿಯುತ್ತಾರೆ ಅಂತ. ಕನ್ನಡಿ, ಟಾರ್ಚ್ ತಂದಿದ್ದೇನೆ. ಹೊರಗೆ ಮೇಜಿನ ಹತ್ತಿರ ಕೂತಿರುತ್ತೇನೆ, ಒಬ್ಬೊಬ್ಬರಾಗಿ ಬನ್ನಿ.